‘ಟೈಮ್‌ಟೇಬಲ್ ಕಳಿಸಿ ಮೇಡಂ’

ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವವರು ಬರೆಯುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಮಾತು. ಬಣ್ಣಬಣ್ಣದ ಚೌಕಗಳಿರುವ ಪಿಡಿಎಫ್ ಬೇಕಂತೆ. ನಾನು ಕಳಿಸುವುದಿಲ್ಲ. ಯಾಕೆ ಅಂತ ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ಪ್ರಶ್ನೆ: ಮಗಳಿಗೆ ಆರೂವರೆ, ಮಗನಿಗೆ ನಾಲ್ಕು. ಜೂನ್‌ನಿಂದ ಮನೆಯಲ್ಲೇ ಕಲಿಸುತ್ತಿದ್ದೇವೆ. ಬೆಳಗ್ಗೆ 9ರಿಂದ 1ರವರೆಗೆ ನಲವತ್ತು ನಿಮಿಷದ ಪೀರಿಯಡ್ ಮಾಡಿದ್ದೆ. ಮೂರೇ ದಿನಕ್ಕೆ ಎಲ್ಲ ಏರುಪೇರು. ಮಗ ಅಕ್ಕನ ಪುಸ್ತಕ ಎಳೆಯುತ್ತಾನೆ. ಅತ್ತೆಯವರು ‘ಇಡೀ ದಿನ ಆಟವೇ’ ಅನ್ನುತ್ತಾರೆ. ಮಧ್ಯೆ ಅಡುಗೆ ಬೇರೆ. ಏನು ಮಾಡಲಿ?
(ಶಿವಮೊಗ್ಗದ ಓದುಗರು)

ಉತ್ತರ: ಮೊದಲು ಆ ನಲವತ್ತು ನಿಮಿಷವನ್ನು ಕೈಬಿಡಿ. ಶಾಲೆಯಲ್ಲಿ ಟೀಚರ್ ಮುಂದಿನ ಕ್ಲಾಸಿಗೆ ಹೋಗಬೇಕು, ಅದಕ್ಕೇ ಪೀರಿಯಡ್ಡು, ಬೆಲ್ಲು. ನೀವು ಎಲ್ಲಿಗೆ ಹೋಗಬೇಕು? ಆರು ವರ್ಷದ ಮಗು ಕೂತು ಮಾಡುವ ಕೆಲಸ ಒಂದು ಸಲಕ್ಕೆ ಹದಿನೈದು, ಇಪ್ಪತ್ತು ನಿಮಿಷ. ದಿನಕ್ಕೆ ಅಂಥದ್ದು ಮೂರಾದರೆ ಸಾಕು. ನಾಲ್ಕು ವರ್ಷದವನನ್ನು ಪಾಠಕ್ಕೆ ಅಂತ ಕೂರಿಸುವುದೇ ಬೇಡ.

ಗಡಿಯಾರ ಹಿಡಿಯಬೇಡಿ, ಸರದಿ ಹಿಡಿಯಿರಿ. ತಿಂಡಿ, ಸ್ನಾನ, ಊಟ, ಸಂಜೆ ದೀಪ, ರಾತ್ರಿ ಹಾಸಿಗೆ: ಇವು ಯಾರೂ ಹೇಳದೆ ದಿನಾ ನಡೆಯುತ್ತವೆ. ಪಾಠವನ್ನು ಇವುಗಳ ಬೆನ್ನಿಗೆ ಕಟ್ಟಿ. ತಿಂಡಿ ಎಂಟಕ್ಕಾಗಲಿ, ಹತ್ತಕ್ಕಾಗಲಿ, ಆಮೇಲೆ ಕನ್ನಡ. ಊಟಕ್ಕೆ ಮುಂಚೆ ಲೆಕ್ಕ. ದೀಪ ಹಚ್ಚಿದ ಮೇಲೆ ಓದು. ಮಗುವಿಗೆ ಗಂಟೆ ನೋಡಲು ಬರದಿದ್ದರೂ ‘ಇದಾದ ಮೇಲೆ ಅದು’ ಅನ್ನುವುದು ಚೆನ್ನಾಗಿ ಗೊತ್ತು. ಸರದಿ ದಿನಾ ಒಂದೇ ಇದ್ದರೆ ಹಟವೂ ಕಮ್ಮಿ.

ಹದಿನೈದು ನಿಮಿಷದಲ್ಲಿ ಏನಾಗುತ್ತೆ ಅಂತೀರಾ? ‘ಅ’ದಿಂದ ‘ಳ’ವರೆಗೆ ಬರೆಸುತ್ತಾ ಕೂತರೆ ಏನೂ ಆಗಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿ-ಕಲಿ ಪದ್ಧತಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದಕ್ಕೇ ಮಗು ಸರ, ದರ, ಅರಸ, ಅಗಸ, ಗರಗಸ ಓದುತ್ತದೆ. ಕಾರ್ಡು ಹಿಡಿದು ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುತ್ತದೆ. ಹೊರಗಿನ ಕಿಟ್‌ಗೆ ಸಾವಿರಗಟ್ಟಲೆ ಸುರಿಯುವವರು ಪಕ್ಕದ ಸರ್ಕಾರಿ ಶಾಲೆ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಲೆಕ್ಕಕ್ಕೆ ಚೌಕಾಬಾರ ಹಾಕಿ. ನಾಲ್ಕು ಕವಡೆ. ಎಲ್ಲ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ಎಲ್ಲ ಬೋರಲಾದರೆ ಎಂಟು. ಎಂಟು ಬಿದ್ದು ಮತ್ತೆ ಮೂರು ಬಿದ್ದರೆ ಕಾಯಿ ಎಲ್ಲಿಗೆ ಬಂತು? ಎದುರಿಗೆ ಅತ್ತೆಯವರನ್ನೇ ಕೂರಿಸಿ. ‘ಇಡೀ ದಿನ ಆಟವೇ’ ಅನ್ನುವ ದೂರು ತಾನಾಗಿ ನಿಲ್ಲುತ್ತೆ.

ಮಗನ ವಿಷಯ. ಅವನು ಎಳೆಯುತ್ತಿರುವುದು ಪುಸ್ತಕವನ್ನಲ್ಲ, ನಿಮ್ಮನ್ನು. ಅಕ್ಕನ ಪಾಠಕ್ಕೆ ಮುಂಚೆ ಹತ್ತು ನಿಮಿಷ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದು ಕಥೆ ಓದಿ, ಫೋನ್ ದೂರ ಇಟ್ಟು. ಆಮೇಲೆ ಬಟಾಣಿ ಸುಲಿಯಲು ಕೊಡಿ. ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸು, ಹಾಗಾಗಿ ನಿಮ್ಮ ಪಕ್ಕದಲ್ಲೇ ಇರಲಿ. ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲಿ, ಇರಲಿ ಬಿಡಿ.

ಊಟದ ಮೇಲೆ ಪಾಠ ಬೇಡ. ಆ ಒಂದು ಗಂಟೆ ನಿಮ್ಮದು, ಮಲಗಿ. ಸಂಜೆ ಮಕ್ಕಳು ಓಡಲಿ. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಬೇಕು, ಪರದೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಿಮ್ಮ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ, ಗೊತ್ತು. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಬರೆದುಕೊಡಿ.

ಜ್ವರ, ನೆಂಟರು, ಮದುವೆ ಬಂದ ದಿನ ರಾತ್ರಿ ಒಂದು ಕಥೆ ಗಟ್ಟಿಯಾಗಿ ಓದಿದರೆ ಆಯಿತು. ತಪ್ಪಿದ್ದನ್ನು ಭಾನುವಾರ ತುಂಬಿಸಬೇಡಿ. ವಾರದಲ್ಲಿ ನಾಲ್ಕು ದಿನ ಸರದಿ ನಡೆದರೆ ಬೇಕಾದಷ್ಟಾಯಿತು. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ಆ ದಿನ ಏನಾಯಿತು ಅಂತ ಎರಡು ಸಾಲು ಬರೆದಿಡಿ. ‘ಏನೂ ಕಲಿಯುತ್ತಿಲ್ಲ’ ಅಂತ ಭಯವಾದಾಗ ಹಿಂದಿನ ಪುಟ ತೆಗೆದು ನೋಡಿ.

ಪ್ರಶ್ನೆ: ಐದು ವರ್ಷದವನನ್ನು ಬ್ರಾಹ್ಮೀ ಮುಹೂರ್ತದಲ್ಲಿ ಎಬ್ಬಿಸಿ ಓದಿಸಿದರೆ ನೆನಪು ಹೆಚ್ಚುತ್ತದಂತೆ?

ಉತ್ತರ: ಆ ವಯಸ್ಸಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಸುಮ್ನೆ ಮಲಗಲು ಬಿಡಿ.

ಪ್ರಶ್ನೆ: ಮಕ್ಕಳ ಮೆದುಳು ಚುರುಕಾಗುತ್ತೆ ಅನ್ನುವ ‘ಮಿಡ್‌ಬ್ರೇನ್’ ಕೋರ್ಸಿಗೆ ದಿನಕ್ಕೊಂದು ಗಂಟೆ ಇಡಬಹುದೇ? ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತಾರಂತೆ.

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ಓದುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಈ ಮೋಸವನ್ನು ಬಯಲಿಗೆಳೆದು ವರ್ಷಗಳಾದವು. ದುಡ್ಡು ಹೋಗಲಿ, ಮಗು ಸುಳ್ಳು ಹೇಳಲು ಕಲಿಯುತ್ತದಲ್ಲ!

ಪ್ರಶ್ನೆ: ಮಗಳಿಗೆ ಐದು. ಮನೆಪಾಠ ಕಾನೂನಿಗೆ ವಿರುದ್ಧವೇ? ಮುಂದೆ ಪರೀಕ್ಷೆ ಹೇಗೆ?

ಉತ್ತರ: 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಸೇರಿಸದವರಿಗೆ ಕಾಯ್ದೆಯಲ್ಲಿ ಶಿಕ್ಷೆ ಹೇಳಿಲ್ಲ. ಇದರ ಮೇಲೆ ‘ಏನೂ ತೊಂದರೆ ಇಲ್ಲ’ ಅಂತ ನನ್ನಿಂದ ಬರೆಸಿಕೊಳ್ಳಲು ನೋಡಬೇಡಿ, ವಕೀಲರನ್ನು ಕೇಳಿ. ಪರೀಕ್ಷೆಗೆ, ಶಾಲೆಗೆ ಹೋಗದವರೂ ಕಟ್ಟಬಹುದಾದ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಇದೆ; ಅಲ್ಲಿ ಹತ್ತನೇ ತರಗತಿಗೆ ಕಟ್ಟಲು 14 ತುಂಬಿರಬೇಕು. ಐದು ವರ್ಷದವಳಿಗೆ ಈಗಲೇ ಅದರ ಫಾರಂ ಹುಡುಕಬೇಡಿ.