ನೊಬೆಲ್ ವಿಜ್ಞಾನಿಗಳು ಮೂನ್ ಅವರ ಚರ್ಚಿನ ಸಮ್ಮೇಳನಗಳಿಗೆ ಯಾಕೆ ಹೋಗುತ್ತಿದ್ದರು?

ಖರ್ಚೆಲ್ಲ ಚರ್ಚಿನದು, ಭಾಷಣ ಮಾತ್ರ ತಮ್ಮದು ಅನ್ನುವ ಲೆಕ್ಕದಲ್ಲಿ. ಹೋದವರಲ್ಲಿ ಬಹುಪಾಲು ಜನ ಆ ಪಂಥದ ಅನುಯಾಯಿಗಳೇ ಅಲ್ಲ.

ಕೊರಿಯಾದ ಸನ್ ಮ್ಯುಂಗ್ ಮೂನ್ 1954ರಲ್ಲಿ ಯೂನಿಫಿಕೇಶನ್ ಚರ್ಚ್ ಕಟ್ಟಿದರು. ಅದರ ಹಣದಿಂದ 1972ರಲ್ಲಿ ನ್ಯೂಯಾರ್ಕ್‌ನಲ್ಲಿ 'ವಿಜ್ಞಾನಗಳ ಏಕತೆ' ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಶುರುವಾಯಿತು. ಮುಂದೆ ಭೌತವಿಜ್ಞಾನಿ ಯೂಜೀನ್ ವಿಗ್ನರ್, ಮೆದುಳಿನ ಸಂಶೋಧಕ ಜಾನ್ ಎಕಲ್ಸ್ ಅವರಂಥ ನೊಬೆಲ್ ವಿಜೇತರೇ ಅಧ್ಯಕ್ಷತೆ ವಹಿಸಿದರು. ವಿಮಾನದ ಟಿಕೆಟು, ಹೋಟೆಲು ಎಲ್ಲ ಉಚಿತ. ಮೇಲಾಗಿ ಭೌತವಿಜ್ಞಾನಿ, ತತ್ವಶಾಸ್ತ್ರಜ್ಞ, ಅರ್ಥಶಾಸ್ತ್ರಜ್ಞ ಒಂದೇ ಕಡೆ ಕೂತು ಮೌಲ್ಯಗಳ ಬಗ್ಗೆ ವಾದ ಮಾಡುವ ಅವಕಾಶ. ಇದಕ್ಕೆ ದುಡ್ಡು ಕೊಡುವ ವಿಶ್ವವಿದ್ಯಾಲಯಗಳು ಆಗಲೂ ಕಡಿಮೆ.

ಹಾಗಾದರೆ ಚರ್ಚಿಗೇನು ಲಾಭ? ಎರವಲು ಗೌರವ. ಸಂಸ್ಥಾಪಕರೆಂದು ಮೂನ್ ವೇದಿಕೆ ಹತ್ತಿ ಭಾಷಣ ಮಾಡುತ್ತಿದ್ದರು. ಎದುರಿಗೆ ಕೂತ ವಿಜ್ಞಾನಿ ಒಪ್ಪಲಿ ಬಿಡಲಿ, ಫೋಟೋದಲ್ಲಂತೂ ಇರುತ್ತಿದ್ದ. ಯುವಜನರ ತಲೆ ಕೆಡಿಸುವ ಪಂಥವೆಂದು ಅಮೆರಿಕದ ಪಾಲಕರು ದೂರುತ್ತಿದ್ದ ಕಾಲದಲ್ಲಿ ಅಂಥ ಫೋಟೋಕ್ಕೆ ಬೆಲೆ ಹೆಚ್ಚು. ಪ್ರಬಂಧದಲ್ಲಿ ಏನಿದೆ ಎಂದು ಹೊರಗಿನವರು ಓದುವುದಿಲ್ಲ, ಯಾರು ಬಂದಿದ್ದರು ಅನ್ನುವುದನ್ನಷ್ಟೇ ನೋಡುತ್ತಾರೆ. ಹಾಗಾಗಿ ಅಲ್ಲಿ ಮಂಡನೆಯಾದ ವಿಜ್ಞಾನ ಅಪ್ಪಟವಾಗಿದ್ದಷ್ಟೂ ಪ್ರಾಯೋಜಕರಿಗೆ ಅನುಕೂಲವೇ. 'ನನ್ನ ಭಾಷಣಕ್ಕೆ ಯಾರೂ ಕತ್ತರಿ ಹಾಕಲಿಲ್ಲ' ಎಂಬ ಸಮರ್ಥನೆ ನನಗೆ ಸಾಲದೆನ್ನಿಸುವುದು ಇದೇ ಕಾರಣಕ್ಕೆ.

ಈ ಅನುಮಾನದಿಂದಲೇ ಆಹ್ವಾನ ನಿರಾಕರಿಸಿದವರೂ ಇದ್ದರು. 1982ರಲ್ಲಿ ತೆರಿಗೆ ವಂಚನೆ ಪ್ರಕರಣದಲ್ಲಿ ಮೂನ್ ಅಪರಾಧಿ ಎಂದು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು. ಸಮ್ಮೇಳನಗಳು ಮಾತ್ರ ಆಮೇಲೂ ನಡೆದವು.