ಹಳೇ ಕಾಲದ ಪ್ಯಾರಾಚೂಟ್‌ಗೂ ಈಗಿನದಕ್ಕೂ ಏನು ವ್ಯತ್ಯಾಸ?

ಆಕಾರವೇ ದೊಡ್ಡ ವ್ಯತ್ಯಾಸ. ನಾನು ಕೋಲಾರದವನು, ಸೇನೆಯಲ್ಲಿದ್ದಾಗ ಆಗ್ರಾದಲ್ಲಿ ಹಾರಲು ಕಲಿತೆ. ಆಗ ನಮ್ಮ ಬೆನ್ನಿಗಿದ್ದದ್ದು ದುಂಡನೆಯ ಪ್ಯಾರಾಚೂಟ್, ಕೊಡೆ ಬಿಚ್ಚಿದ ಹಾಗೆ. ಹೆಚ್ಚುಕಮ್ಮಿ ಗಾಳಿ ಒಯ್ದ ಕಡೆಗೇ ಹೋಗಬೇಕು. ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ನೆಲ ಎದುರಾಗುತ್ತದೆ, ಅದು ಜಾಸ್ತಿನೇ ಅಲ್ವಾ? ಅದಕ್ಕೇ ಎರಡೂ ಕಾಲು ಜೋಡಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನು ಹೀಗೆ ಪಕ್ಕಕ್ಕೆ ಉರುಳುವುದನ್ನು ದಿನಗಟ್ಟಲೆ ಕಲಿಸುತ್ತಿದ್ದರು. ರಜೆಗೆ ಬಂದಾಗ ರಾಗಿ ಹೊಲದ ಬದುವಿನಿಂದ ಹಾರಿ ತಮ್ಮನಿಗೂ ತೋರಿಸಿದ್ದೆ.

1964ರಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ವಿನ್ಯಾಸದಿಂದ ಈಗಿನ ಆಯತಾಕಾರದ ಪ್ಯಾರಾಚೂಟ್ ಬಂತು. ಮುಂದಿನ ಬಾಯಿಗಳಿಂದ ಗಾಳಿ ತುಂಬಿ ಬಟ್ಟೆಯೇ ರೆಕ್ಕೆಯಾಗುತ್ತದೆ. ಬಲಗಡೆಯ ಹಿಡಿ ಎಳೆದರೆ ಬಲಕ್ಕೆ ತಿರುಗುತ್ತದೆ. ನೆಲದ ಹತ್ತಿರ ಎರಡನ್ನೂ ಒಟ್ಟಿಗೆ ಎಳೆದರೆ ವೇಗ ತಗ್ಗಿ, ನಿಂತೇ ಇಳಿಯಬಹುದು.

ಕ್ರೀಡೆಗೆ ಹಾರುವವರ ತುರ್ತು ಪ್ಯಾರಾಚೂಟ್ ಮೊದಲು ಹೊಟ್ಟೆ ಮೇಲಿರುತ್ತಿತ್ತು, ಈಗ ಬೆನ್ನಿಗೇ ಹೋಗಿದೆ.

ನನ್ನ ಪ್ರಕಾರ ಹೆಚ್ಚು ಜೀವ ಉಳಿಸಿದ್ದು ಮಾತ್ರ 1970ರ ದಶಕದಲ್ಲಿ ಬಿಲ್ ಬೂತ್ ಮಾಡಿದ ಮೂರು ಉಂಗುರಗಳ ಕೊಂಡಿ. ಸಿಕ್ಕಿಕೊಂಡ ಪ್ಯಾರಾಚೂಟ್ ಒಂದೇ ಎಳೆತಕ್ಕೆ ಎರಡೂ ಭುಜದಿಂದ ಕಳಚಿಕೊಳ್ಳುತ್ತದೆ. ಆಮೇಲೆ ತುರ್ತಿನದನ್ನು ಬಿಚ್ಚಿದರಾಯಿತು.