ರೊಟ್ಟಿ ತಿಂದ ಕೂಡಲೇ ಊರು ನೆನಪಾಗುವುದಿಲ್ಲ

ಪ್ರೀತಿಯ ತಂಗಿ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ಕಥೆ ಓದಿದೆ. 1987ರಲ್ಲಿ ಬೆಳಗಾವಿಯಿಂದ ಸ್ವೀಡನ್ನಿಗೆ ದತ್ತು ಹೋದ ಎಲ್ಸಾ 2023ರಲ್ಲಿ ಇಲ್ಲಿಗೆ ಬರುತ್ತಾಳೆ. ಸವದತ್ತಿ ಹತ್ತಿರದ ಹಳ್ಳಿಯಲ್ಲಿ ಹೆತ್ತ ತಾಯಿಯನ್ನು ಹುಡುಕಿ ಅವಳ ಮಡಿಲಲ್ಲಿ ತಲೆ ಇಡುತ್ತಾಳೆ. ಈಗ ಇರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗುವ ಕಥೆಯೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಅನ್ನಿಸಿದರೆ ಬೇಜಾರಾಗಬೇಡಿ.

ಮೊದಲು ಕಥೆಯ ಶುರುವಿನಲ್ಲಿರುವ ಕಿತ್ತೂರಿನ ಪ್ರಸಂಗವನ್ನು ತೆಗೆಯಿರಿ. ರಾಣಿ ಚೆನ್ನಮ್ಮನ ಸಂಸ್ಥಾನಕ್ಕೆ ವಾರಸನಾಗಿ ಬಂದ ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ, 1824ರಲ್ಲಿ ಯುದ್ಧವಾಯಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಎಲ್ಲ ಸರಿ. ಬೈಲಹೊಂಗಲದವರು ನೀವು, ಚೆನ್ನಮ್ಮನಿಗೆ ಕೈ ಮುಗಿಯದೆ ಕಥೆ ಶುರು ಮಾಡಲಾರಿರಿ. ಆದರೆ ಅದು ಗಾದಿಗಾಗಿ ಆದ ದತ್ತಕ. ಆ ಹುಡುಗನ ಮಾತು, ಊಟ, ದೇವರು ಯಾವುದೂ ಬದಲಾಗಲಿಲ್ಲ. ಎಲ್ಸಾಳ ಸಂಕಟವೇ ಬೇರೆ. ತೆಗೆದರೆ ಒಂದೂವರೆ ಪುಟದಷ್ಟು ಜಾಗ ಉಳಿಯುತ್ತದೆ, ಆ ಜಾಗ ನಿಮಗೆ ಮುಂದೆ ಬೇಕಾಗುತ್ತದೆ.

ಈಗ ರೊಟ್ಟಿಯ ವಿಷಯ. ಖಾನಾವಳಿಯಲ್ಲಿ ಎಲ್ಸಾ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಬಾಯಿಗಿಡುತ್ತಾಳೆ. ಕಣ್ಣು ತುಂಬುತ್ತದೆ. ‘ಇದು ನನ್ನ ರುಚಿ’ ಅನ್ನುತ್ತಾಳೆ. ನೀವೇ ಬರೆದ ಪ್ರಕಾರ ಅವಳು ಇಲ್ಲಿಂದ ಹೋದಾಗ ನಾಲ್ಕು ತಿಂಗಳ ಕೂಸು. ನಾಲ್ಕು ತಿಂಗಳ ಕೂಸಿಗೆ ಯಾರು ರೊಟ್ಟಿ ತಿನ್ನಿಸಿದ್ದರು ತಂಗಿ?

ಸಂಸ್ಕೃತಿ ರಕ್ತದಲ್ಲೇ ಹರಿದು ಬರುತ್ತದೆ ಅಂತ ನೀವು ನಂಬಿದ್ದೀರಿ. ಕಥೆ ಹಳಿ ತಪ್ಪಿದ್ದು ಅಲ್ಲೇ. ರಕ್ತದಲ್ಲಿ ಬರುವುದು ಮೈಬಣ್ಣ, ಮೂಗು, ಕೂದಲು. ರೊಟ್ಟಿ ಮುರಿಯುವ ರೀತಿ, ಬೈಗುಳ, ಸೋಬಾನೆ ಪದ, ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಇವೆಲ್ಲ ಯಾರಾದರೂ ದಿನಾ ಜೊತೆಗಿದ್ದು ಕಲಿಸಿದರೆ ಮಾತ್ರ ಬರುತ್ತವೆ. ಎಲ್ಸಾಗೆ ಕಲಿಸಿದವರು ಸ್ವೀಡನ್ನಿನವರು. ಅವಳು ಅಲ್ಲಿಯವಳೇ. ರೊಟ್ಟಿ ಅವಳಿಗೆ ಬಿರುಸು ಅನ್ನಿಸಲಿ, ಚಟ್ನಿಯ ಖಾರಕ್ಕೆ ನೀರು ಕೇಳಲಿ. ಆಗ ನಾನು ನಂಬುತ್ತೇನೆ.

ಏನೂ ಉಳಿದಿರುವುದಿಲ್ಲ ಅಂತಲೂ ಅಲ್ಲ. ಕೆನಡಾದ ಮಾಂಟ್ರಿಯಲ್ಲಿನ ಸಂಶೋಧಕರ ಒಂದು ಕೆಲಸ 2014ರಲ್ಲಿ ಪ್ರಕಟವಾಯಿತು. ಚೀನಾದಿಂದ ಸಣ್ಣ ಕೂಸಾಗಿದ್ದಾಗ ದತ್ತು ಬಂದು, ಫ್ರೆಂಚ್ ಮಾತ್ರ ಆಡುತ್ತ ಬೆಳೆದ ಹುಡುಗಿಯರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಚೀನೀ ಮಾತಿನ ದನಿಯ ಏರಿಳಿತ ಕೇಳಿಸಿದಾಗ, ಮನೆಯಲ್ಲಿ ಚೀನೀ ಆಡುವ ಮಕ್ಕಳ ಮಿದುಳಿನ ಹಾಗೆಯೇ ಇವರದೂ ಕೆಲಸ ಮಾಡಿತು. ಆ ಭಾಷೆಯ ಒಂದು ಮಾತೂ ಇವರಿಗೆ ತಿಳಿಯುತ್ತಿರಲಿಲ್ಲ! ಇದನ್ನು ಬೇಕಾದರೆ ಬಳಸಿಕೊಳ್ಳಿ. ಎಲ್ಸಾ ಹೋಗುವಾಗ ಅವಳಿಗೆ ವರ್ಷ ದಾಟಿರಲಿ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅಳುವ ಕೂಸನ್ನು ರಮಿಸುವ ದನಿ ಕೇಳಿ ಅವಳು ನಿಂತುಬಿಡಲಿ. ಯಾಕೆ ನಿಂತೆ ಅಂತ ಅವಳಿಗೂ ಗೊತ್ತಾಗಬಾರದು. ನೀವೂ ವಿವರಿಸಲು ಹೋಗಬೇಡಿ.

ಇನ್ನು ಸ್ವೀಡನ್. ಮೂವತ್ತೈದು ವರ್ಷಗಳನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ: ‘ಹಿಮ ಬೀಳುತ್ತಿತ್ತು. ಶಾಲೆಯ ಮಕ್ಕಳು ಕರಿಯವಳೆಂದು ಹೀಯಾಳಿಸುತ್ತಿದ್ದರು.’ ಇಷ್ಟೇನಾ? ಆ ಹುಡುಗಿ ಯಾರು ಅಂತ ನಿರ್ಧಾರವಾದದ್ದೇ ಅಲ್ಲಿ. ಅಲ್ಲಿ ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ ಬರುತ್ತದೆ. ಕತ್ತಲಿರುವಾಗಲೇ ಹುಡುಗಿಯರು ಬಿಳಿ ನಿಲುವಂಗಿ ಹಾಕಿ ಹಾಡುತ್ತ ಸಾಲಾಗಿ ಬರುತ್ತಾರೆ. ಮುಂದೆ ಲೂಸಿಯಾ, ಸೊಂಟಕ್ಕೆ ಕೆಂಪು ಪಟ್ಟಿ, ತಲೆ ಮೇಲೆ ಮೇಣದಬತ್ತಿಯ ಕಿರೀಟ. ಚಿತ್ರಗಳಲ್ಲಿ ಸಾಮಾನ್ಯವಾಗಿ ಅವಳದು ಹೊನ್ನಿನ ಬಣ್ಣದ ಕೂದಲು. ಹನ್ನೊಂದು ವರ್ಷದ ಎಲ್ಸಾಗೆ ಲೂಸಿಯಾ ಆಗುವ ಆಸೆ ಅಂತ ಇಟ್ಟುಕೊಳ್ಳಿ. ಹಾಡೆಲ್ಲ ಬಾಯಿಪಾಠ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಅವಳ ಹೆಸರನ್ನೂ ಹೇಳುವುದಿಲ್ಲ. ಹೀಯಾಳಿಸಿದರೆ ತಿರುಗಿ ಬೈಯಬಹುದು. ಇದಕ್ಕೆ ಯಾರನ್ನು ಬೈಯುವುದು? ಇಂಥದೊಂದು ದೃಶ್ಯ ಬರೆದು ನೋಡಿ.

ಸಾಕಿದ ತಾಯಿಯನ್ನು ಯಾಕೆ ರಾಕ್ಷಸಿ ಮಾಡಿದಿರಿ? ಭಾರತದ ಹೆಸರೆತ್ತಿದರೆ ಊಟ ಕೊಡುವುದಿಲ್ಲವಂತೆ. ಇದು ಒಳ್ಳೆಯವರು ಕೆಟ್ಟವರ ಜಗಳ ಅಲ್ಲ. ಬಿಳಿಯರ ಮನೆಗೆ ಕಪ್ಪು ಮಕ್ಕಳನ್ನು ದತ್ತು ಕೊಡಬಾರದು ಅಂತ ಅಮೆರಿಕದ ಕಪ್ಪು ಸಮಾಜಕಾರ್ಯಕರ್ತರ ಸಂಘ 1972ರಲ್ಲಿ ಗಟ್ಟಿಯಾಗಿ ಹೇಳಿತು. ಬರೀ ಜನಾಂಗ ನೋಡಿ ದತ್ತು ತಡೆಯುವ ಹಾಗಿಲ್ಲ ಅಂತ 1994ರಲ್ಲಿ ಅಲ್ಲಿಯೇ ಕಾನೂನು ಬಂತು. ಎರಡೂ ಕಡೆ ಮಕ್ಕಳ ಚಿಂತೆ ಇದ್ದವರೇ ಇದ್ದರು. ಎಷ್ಟೋ ತಂದೆ ತಾಯಿ ಕೈಲಾದದ್ದು ಮಾಡಿದ್ದಾರೆ. ಮಿನೆಸೋಟಾದಲ್ಲಿ ಕೊರಿಯಾದ ದತ್ತು ಮಕ್ಕಳಿಗಾಗಿಯೇ ಬೇಸಿಗೆ ಶಿಬಿರ ನಡೆಸುತ್ತಾರೆ. ಎಲ್ಸಾಳ ತಾಯಿ ಹುಟ್ಟುಹಬ್ಬಕ್ಕೆ ಸೀರೆ ಉಟ್ಟ ಗೊಂಬೆ ತರಲಿ, ಭರತನಾಟ್ಯದ ಕ್ಲಾಸಿಗೆ ಸೇರಿಸಲಿ. ಹುಡುಗಿಗೆ ಬೇಕಾದದ್ದು ಫುಟ್‌ಬಾಲ್. ನಗುವೂ ಬರುತ್ತದೆ, ಹೊಟ್ಟೆಯೊಳಗೆ ಸಂಕಟವೂ ಆಗುತ್ತದೆ.

ಏಳನೇ ಪುಟ ಮಾತ್ರ ಮುಟ್ಟಬೇಡಿ. ಖಡೇ ಬಜಾರಿನ ಅಂಗಡಿಯವನು ಎಲ್ಸಾಗೆ ಮೊದಲು ಮರಾಠಿಯಲ್ಲಿ ‘ಕಾಯ್ ಪಾಹಿಜೇ?’ (ಏನು ಬೇಕು?) ಅನ್ನುತ್ತಾನೆ. ಆಮೇಲೆ ಕನ್ನಡ, ಆಮೇಲೆ ಹಿಂದಿ. ಅವಳು ಮೂರಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ ‘ಎರಡಕ್ಷರ ಕಲತರ ಮನಿ ಮಾತ ಮರತ ಹೋಗತೈತೇನವಾ?’ ಅಂತ ತಕ್ಕಡಿ ತಟ್ಟನೆ ಕೆಳಗಿಡುತ್ತಾನೆ. ಎಂಥ ಜಾಗ ಹಿಡಿದಿದ್ದೀರಿ! ಸ್ವೀಡನ್ನಿನಲ್ಲಿ ಮಾತು ಹೊಂದುತ್ತಿತ್ತು, ಮುಖ ಹೊಂದುತ್ತಿರಲಿಲ್ಲ. ಇಲ್ಲಿ ಮುಖ ನೋಡಿ ಎಲ್ಲರೂ ನಮ್ಮವಳು ಅಂದುಕೊಳ್ಳುತ್ತಾರೆ, ಬಾಯಿ ತೆರೆದ ಕೂಡಲೇ ಸಿಟ್ಟಾಗುತ್ತಾರೆ. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವ ಊರು ಬೆಳಗಾವಿ. ಇಲ್ಲೂ ಅವಳಿಗೊಂದು ಭಾಷೆ ಸಿಗಲಿಲ್ಲ. ನೀವು ಇದನ್ನು ಬರೆದು, ಅದರ ಬೆಲೆ ಗೊತ್ತಾಗದೆ ಮುಂದೆ ಓಡಿದ್ದೀರಿ. ಕಥೆ ಈ ತಕ್ಕಡಿಯ ಸುತ್ತ ನಿಲ್ಲಬೇಕು.

ಕಾಗದಪತ್ರದ ಕಡೆಯೂ ಗಮನ ಕೊಡಿ. ಸ್ವೀಡನ್ನಿನ ಕ್ರೈಸ್ತ ದಂಪತಿ ಇಲ್ಲಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರ ಮಾಡಿಸಿಕೊಂಡರು ಅಂತ ಬರೆದಿದ್ದೀರಿ. ಹಾಗೆ ಆಗುತ್ತಿರಲಿಲ್ಲ. 1956ರ ದತ್ತಕ ಕಾಯ್ದೆ ಹಿಂದೂಗಳಿಗೆ ಮಾತ್ರ. ವಿದೇಶಿಯರು 1890ರ ಪಾಲಕತ್ವ ಕಾಯ್ದೆಯಡಿ ಕೋರ್ಟಿನಿಂದ ಮಗುವಿನ ಪಾಲಕರೆಂದು ಆದೇಶ ಪಡೆದು, ತಮ್ಮ ದೇಶಕ್ಕೆ ಹೋಗಿ ದತ್ತು ಮುಗಿಸುತ್ತಿದ್ದರು. ಇದರಲ್ಲಿ ಮೋಸ ನಡೆಯುತ್ತಿದೆ ಅಂತ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು, 1984ರಲ್ಲಿ ಕೋರ್ಟು ನಿಯಮ ಹಾಕಿತು. ನಿಮ್ಮ ಕಥೆ ಅದಾದ ಮೇಲಿನದು.

ಕೊನೆಯ ಭಾಗ ಸಿನಿಮಾ ಆಗಿದೆ. ಎಲ್ಸಾಳ ಗೆಳೆಯ ಶಿಶುಗೃಹಕ್ಕೆ ಹೋಗಿ ಚಹಾ ಕುಡಿಯುವಷ್ಟರಲ್ಲಿ ತಾಯಿಯ ವಿಳಾಸ ತರುತ್ತಾನೆ. 2022ರ ದತ್ತು ನಿಯಮಗಳ ಪ್ರಕಾರ ಹದಿನೆಂಟು ದಾಟಿದ ದತ್ತು ಮಗು ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕಬಹುದು, ಮೂರನೆಯವರಿಗೆ ಅವಕಾಶವಿಲ್ಲ. ಹೆತ್ತವಳ ಗುಟ್ಟನ್ನೂ ಆ ನಿಯಮ ಕಾಯುತ್ತದೆ. ಯಾಕೆ ಅಂತ ನಿಮಗೆ ಹೇಳಬೇಕಾ? ಆ ತಾಯಿಗೆ ಈಗ ಅರವತ್ತರ ಹತ್ತಿರ. ಗಂಡ, ಸೊಸೆಯಂದಿರು, ಮೊಮ್ಮಕ್ಕಳು ಇದ್ದಾರೆ. ಮದುವೆಗೆ ಮುಂಚೆ ಹೆತ್ತದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಊರ ನಡುವೆ ಕಾರು ನಿಲ್ಲಿಸಿ ಎಲ್ಸಾ ‘ಅವ್ವಾ’ ಅಂತ ಓಡಿ ಬಂದರೆ ಅವಳ ಬಾಳು ಏನಾಗುತ್ತದೆ? ಕೆನ್ನೆಯ ಮಚ್ಚೆ ನೋಡಿ ಗುರುತು ಹಿಡಿದರೂ ಆಕೆ ‘ಯಾರ್ರೀ ನೀವು’ ಅನ್ನಬಹುದಲ್ವಾ? ಆ ಇಬ್ಬರೂ ಭೇಟಿಯಾಗಲೇಬೇಕು ಅಂತ ನಿಯಮವೇನಿಲ್ಲ.

ತಿದ್ದಿ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ. ಹದಿನಾಲ್ಕು ಪುಟದವರೆಗೆ ಆದರೂ ಪರವಾಗಿಲ್ಲ, ಸ್ವೀಡನ್ನಿಗೆ ಜಾಸ್ತಿ ಜಾಗ ಕೊಡಿ. ಈ ಸಲ ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆ ಫಾಂಟಿನಲ್ಲಿ ಬಂದದ್ದರಿಂದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು, ‘ಅಜ್ಜಿ’ ಎಲ್ಲ ಕಡೆ ‘ಅಜಿ’ ಆಗಿದ್ದಳು.

ನಿಮ್ಮ,
ಸಂಪಾದಕ